ಕುಂಡದ ಗಿಡಕ್ಕೆ 10 ವರ್ಷ, ಕೊಂಡ ಪೊಟ್ಟಣಕ್ಕೆ ಒಂದು

ಬೊರಿವಲಿ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿ ಸಭೆ ಎಂದರೆ ನೀರಿನ ಟ್ಯಾಂಕರ್, ಪಾರ್ಕಿಂಗ್, ಲಿಫ್ಟ್ ರಿಪೇರಿ. ಹೋದ ಸಲ ಮಾತ್ರ ವಾಸನೆಯ ದೂರು ಬಂತು. ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಕಲಬುರಗಿ ಕಡೆಯವನು. ಕಮಿಟಿಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಆದ್ದರಿಂದ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.

ಬಾಲ್ಕನಿಯಲ್ಲಿ ಕರಿಬೇವಿನ ಪಕ್ಕ ಗಾಂಜಾ ಗಿಡವಿತ್ತು. ಅದಕ್ಕೂ ಮೊದಲಿನ ಗಿಡದ ಹೂವನ್ನು ಬಾಳೆ ಎಲೆಯಲ್ಲಿ ಬಿಗಿದು ಹುದುಗು ಬರಲು ಇಟ್ಟಿದ್ದ. ‘ಕಾಕಾ, ನಾ ಯಾರ ಕಡೆನೂ ಕೊಂಡಿಲ್ರೀ. ನನ್ನ ಮಟ್ಟಿಗೆ ಮನ್ಯಾಗ ಬೆಳಕೊಂಡೀನಿ. ಹದಾ ಮಾಡೂದೂ ಹಿಂದಿನವರ ಪದ್ಧತೀನ’ ಎಂದ. ಪೆಡ್ಲರ್‌ ಸಹವಾಸ ಬೇಡವೆಂದು ಮನೆಯಲ್ಲೇ ಬೆಳೆದವನು ತಾನು, ಆದ್ದರಿಂದ ತನ್ನದು ಸಣ್ಣ ತಪ್ಪು ಎಂಬುದು ಅವನ ನಂಬಿಕೆ. ಕಾನೂನು ಇದಕ್ಕೆ ತೀರಾ ಉಲ್ಟಾ ಇದೆ.

1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಒಂದು ಕಿಲೋವರೆಗಿನ ಗಾಂಜಾ ‘ಸಣ್ಣ ಪ್ರಮಾಣ’. ಅದನ್ನು ಇಟ್ಟುಕೊಂಡರೆ ಹೆಚ್ಚೆಂದರೆ ಒಂದು ವರ್ಷ ಜೈಲು, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಿಡ ಬೆಳೆಸಿದರೆ? 10 ವರ್ಷದವರೆಗೆ ಕಠಿಣ ಜೈಲು, ಜೊತೆಗೆ ಒಂದು ಲಕ್ಷದವರೆಗೆ ದಂಡ. ಒಂದು ಕುಂಡವೋ ಒಂದು ಎಕರೆಯೋ ಎಂಬ ಭೇದ ಸೆಕ್ಷನ್‌ನಲ್ಲಿ ಇಲ್ಲ. ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಸಣ್ಣ, ವಾಣಿಜ್ಯ ಎಂಬ ಪ್ರಮಾಣದ ಮೆಟ್ಟಿಲು ಬಂದದ್ದು 2001ರ ತಿದ್ದುಪಡಿಯಲ್ಲಿ. ಬಳಕೆದಾರನನ್ನೂ ದಂಧೆಕೋರನನ್ನೂ ಬೇರೆ ಮಾಡುವುದು ಅದರ ಉದ್ದೇಶ. ಅದೇ ತಿದ್ದುಪಡಿ ಬೆಳೆಸುವುದರ ಗರಿಷ್ಠ ಶಿಕ್ಷೆಯನ್ನು 5 ವರ್ಷದಿಂದ 10ಕ್ಕೆ ಏರಿಸಿತು. ಅಂದರೆ ಗಲ್ಲಿಯಲ್ಲಿ ಪೊಟ್ಟಣ ಕೊಂಡವನಿಗೆ ರಿಯಾಯಿತಿ, ದಂಧೆಯಿಂದ ದೂರ ಉಳಿದವನಿಗೆ ಹತ್ತು ಪಟ್ಟು ಭಯ. ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ ಇದೆ. ಅದೂ ಸಣ್ಣ ಪ್ರಮಾಣದ ಲೆಕ್ಕಕ್ಕೇ ಕಟ್ಟಿದ್ದು. ಗಿಡಕ್ಕೆ ಪ್ರಮಾಣವೇ ಇಲ್ಲದಿದ್ದಾಗ ಆ ಬಾಗಿಲು ತಟ್ಟುವುದು ಹೇಗೆ?

ಇನ್ನು ‘ಹಿಂದಿನವರ ಪದ್ಧತಿ’. ಎಲೆಯಲ್ಲಿ ಸುತ್ತಿ ಹುದುಗಿಸುವುದು ಆಫ್ರಿಕಾದ ಮಲಾವಿ ದೇಶದ ರೂಢಿ. ಹುಡುಗ ಅದನ್ನು ಮೊಬೈಲ್‌ನಲ್ಲಿ ನೋಡಿ ಕಲಿತಿದ್ದ. ನಮ್ಮ ದೇಶದಲ್ಲಿ ಹದ ಮಾಡುವ ಪದ್ಧತಿ ಬೇರೆಯೇ ಇತ್ತು. ಈಗ ಬಾಂಗ್ಲಾದೇಶದಲ್ಲಿರುವ ನೌಗಾಂವ್‌ನಲ್ಲಿ ಕೊಯ್ದ ಗಿಡಗಳನ್ನು ಚಾಪೆಯ ಮೇಲೆ ಹರಡಿ, ಆಳುಗಳು ಕಾಲಿನಿಂದ ತುಳಿದು, ರಾಶಿ ಹಾಕಿ ಒತ್ತಿಟ್ಟು, ಮತ್ತೆ ತುಳಿದು ಚಪ್ಪಟೆ ಗಾಂಜಾ ಮಾಡುತ್ತಿದ್ದರು. 1893-94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗದ ವರದಿಯಲ್ಲಿ ಇದೆಲ್ಲ ವಿವರವಾಗಿ ದಾಖಲಾಗಿದೆ. ಗಮನಿಸಬೇಕಾದದ್ದು ಇಷ್ಟು: ಬೆಳೆಯಲು ಲೈಸೆನ್ಸ್, ದಾಸ್ತಾನಿಗೆ ಗೋದಾಮು, ಮಾರಾಟಕ್ಕೆ ಅಬಕಾರಿ ಸುಂಕ. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ ಆಯೋಗ ಕೂಡ ಪೂರ್ತಿ ನಿಷೇಧ ಬೇಡ, ನಿಯಂತ್ರಣ ಮತ್ತು ಸುಂಕ ಸಾಕು ಎಂದಿತು. ಮನೆಯಲ್ಲಿ ಯಾರು ಬೇಕಾದರೂ ಬೆಳೆದುಕೊಳ್ಳಲಿ ಎನ್ನಲಿಲ್ಲ.

ಹುಡುಗ ಸುಮ್ಮನಾಗಲಿಲ್ಲ. ‘ಮತ್ತ ನಮ್ಮ ತಿಂಥಣಿ?’ ಎಂದ. ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಕ್ಷೇತ್ರದ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುವುದು ಆ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. 2020ರಲ್ಲಿ ಬೆಂಗಳೂರಿನ ಸಿನಿಮಾ ಮಂದಿಯ ಡ್ರಗ್ಸ್ ಪ್ರಕರಣ ಸದ್ದು ಮಾಡಿದಾಗ ಇದು ರಾಷ್ಟ್ರೀಯ ಪತ್ರಿಕೆಗಳಲ್ಲೂ ಬಂತು. ಆದರೆ ಅಲ್ಲಿ ಜಾತ್ರೆ ಇದೆ, ಗುರುಹಿರಿಯರ ಕಣ್ಣಿದೆ, ವರ್ಷದಲ್ಲಿ ಒಂದು ಹೊತ್ತಿದೆ. ಅದರಾಚೆಗೆ ಆ ಆಚರಣೆಗೂ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಆಡಳಿತ ನೋಡಿಯೂ ನೋಡದಂತಿರುತ್ತದೆ, ಅಷ್ಟೆ. ಬೊರಿವಲಿಯ ಬಾಲ್ಕನಿಗೆ ಆ ಉದಾರತೆ ತಲುಪುವುದಿಲ್ಲ. ಹೊರರಾಜ್ಯದ ಬಾಡಿಗೆದಾರನಿಗಂತೂ ಇಲ್ಲವೇ ಇಲ್ಲ.

ಕಾಯ್ದೆ ತಾನೇ ಬಿಟ್ಟ ಸಂದಿ ಎಲೆಯದ್ದು. ಹೂತೆನೆ ಜೊತೆಗಿಲ್ಲದ ಎಲೆ ಮತ್ತು ಬೀಜ ‘ಗಾಂಜಾ’ದ ವ್ಯಾಖ್ಯೆಗೆ ಸೇರುವುದಿಲ್ಲ. ಹೋಳಿಯ ಭಾಂಗ್ ಉಳಿದದ್ದು ಹಾಗೆ. 2022ರಲ್ಲಿ 29 ಕಿಲೋ ಭಾಂಗ್ ಸಿಕ್ಕ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಕೊಟ್ಟದ್ದೂ ಈ ವ್ಯತ್ಯಾಸದ ಮೇಲೆಯೇ. ಆದರೆ ಆ ಎಲೆಗಾಗಿ ಗಿಡ ನೆಟ್ಟರೆ ಮತ್ತೆ ಬೆಳೆಸುವ ಅಪರಾಧ!

ನಾನು ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷೆಯಲ್ಲಿ ಇಪ್ಪತ್ತು ವರ್ಷ ಕಳೆದವನು. ಹುಡುಗನಿಗೆ ನನ್ನ ಕಸುಬಿನ ಮಾತನ್ನೂ ಹೇಳಿದೆ. ಹುದುಗಿನಿಂದ ಅಮಲು ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಳತಾದಷ್ಟೂ ಟಿಎಚ್‌ಸಿ ಒಡೆದು ಸಿಬಿಎನ್ ಎಂಬ ಮಂದ ವಸ್ತುವಾಗುತ್ತದೆ. ಮುಂಬೈ ಮಳೆಗಾಲದ ಗಾಳಿಯಲ್ಲಿ ಹಸಿ ಹೂವನ್ನು ಬಿಗಿದಿಟ್ಟರೆ ಮೊದಲು ಬರುವುದು ಬೂಷ್ಟು. ಆಸ್ಪರ್‌ಜಿಲಸ್ ಬೂಷ್ಟಿನ ಬೀಜಕಣಗಳು ಹೊಗೆಯೊಂದಿಗೆ ಶ್ವಾಸಕೋಶಕ್ಕೆ ಹೋಗಬಲ್ಲವು. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇದರಿಂದ ಪ್ರಾಣಾಪಾಯವೂ ಆಗಿದೆ. ಜೈಲಿಗಿಂತ ಈ ಮಾತಿಗೇ ಅವನು ಹೆಚ್ಚು ಹೆದರಿದಂತೆ ಕಂಡಿತು.

ಹೊರಗಿನ ಜಗತ್ತು ಅತ್ತಿತ್ತ ಓಲಾಡುತ್ತಿದೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು. 2022ರಲ್ಲಿ ಬಾಗಿಲು ತೆರೆದ ಥಾಯ್ಲೆಂಡ್ 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಅಲ್ಲಿಯ ಹೈಡ್ರೊಪೋನಿಕ್ ಮಾಲು ಮುಂಬೈ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸೂಟ್‌ಕೇಸುಗಳಲ್ಲಿ ಪದೇ ಪದೇ ಸಿಗುತ್ತಿದೆ. ನಿಜವಾದ ದಂಧೆ ಅಲ್ಲಿದೆ.

ಗಾಂಜಾ ಮುಕ್ತವಾಗಲಿ ಎಂಬ ವಾದ ನನ್ನದಲ್ಲ. ಇಪ್ಪತ್ತರ ಹರೆಯದ ತಲೆಗೆ ಅದು ಮಾಡುವ ಹಾನಿಯನ್ನು ಹತ್ತಿರದಿಂದ ಕಂಡಿದ್ದೇನೆ. ಆದರೆ ತೂಕಕ್ಕೆ ಮೆಟ್ಟಿಲು ಕಟ್ಟಿದ ಸಂಸತ್ತು ಗಿಡದ ಸಂಖ್ಯೆಗೂ ಕಟ್ಟಬಹುದಿತ್ತು. ಒಂದೆರಡು ಗಿಡವನ್ನು ಸಣ್ಣ ಪ್ರಮಾಣಕ್ಕೆ ಸೇರಿಸಿ, ಅಂಥವರನ್ನು ಚಿಕಿತ್ಸೆಯ ದಾರಿಗೆ ಹಚ್ಚಲು ಒಂದು ಸಾಲಿನ ತಿದ್ದುಪಡಿ ಸಾಕು.

ಕಮಿಟಿಯಲ್ಲಿ ಪೊಲೀಸರಿಗೆ ತಿಳಿಸೋಣ ಎಂದವರು ಮೂವರು, ಬೇಡ ಎಂದವರು ನಾಲ್ವರು. ಗಿಡ ಅಷ್ಟರಲ್ಲಿ ಕಿತ್ತುಹೋಗಿತ್ತು. ಮನೆ ಮಾಲೀಕರು ಮಾತ್ರ ಈ ತಿಂಗಳ ಕೊನೆಗೆ ಖಾಲಿ ಮಾಡಲು ಹೇಳಿದ್ದಾರೆ. ಕಾಂದಿವಲಿ ಕಡೆ ಯಾರಾದರೂ ಬಾಡಿಗೆಗೆ ಕೊಡುವ ಕನ್ನಡಿಗರಿದ್ದಾರೇನು ಎಂದು ಹುಡುಗ ನಿನ್ನೆ ಫೋನ್ ಮಾಡಿದ್ದ. ನಾನಿನ್ನೂ ಉತ್ತರ ಕೊಟ್ಟಿಲ್ಲ.