ಗಾಲಿ ಬದಲಿಸುವ ಮೊದಲು

ಬಸವಕಲ್ಯಾಣದಿಂದ ಹುಮನಾಬಾದಿಗೆ ರಸ್ತೆಯ ಮೇಲೆ ಸುಮಾರು 30 ಕಿಲೋಮೀಟರ್. ಊರು ಬಿಟ್ಟು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಹಿಡಿದರೆ ಆಮೇಲೆ ರಾಜೇಶ್ವರ, ಅದರಾಚೆ ಹುಮನಾಬಾದ್. ಪುಣೆಯಿಂದ ಹೈದರಾಬಾದ್ ಹಾಯ್ದು ಮಚಲಿಪಟ್ಟಣಕ್ಕೆ ಹೋಗುವ ಈ ಹೆದ್ದಾರಿಗೆ ಹಿಂದೆ 9ನೇ ನಂಬರಿತ್ತು, ಈಗ 65. ನಾಲ್ಕು ಪಥವಾದ ಮೇಲೆ ಲಾರಿಗಳು ಮೈಮೇಲೆ ಬರುವುದು ಸ್ವಲ್ಪ ತಪ್ಪಿದೆ, ಅವುಗಳ ವೇಗ ಮಾತ್ರ ಹೆಚ್ಚಿದೆ. ಗೇರಿನ ಸೈಕಲ್ ಕೊಂಡವನ ಬೆಳಗಿನ ಸವಾರಿಗೆ ಹೇಳಿ ಮಾಡಿಸಿದ ದೂರ ಇದು. ಹೋಗಿ ಬಂದರೆ 60 ಕಿಲೋಮೀಟರ್, ಬಿಸಿಲೇರುವುದರೊಳಗೆ ಮನೆ.

ಅಂಥ ಒಬ್ಬ ಹುಡುಗನಿದ್ದಾನೆ ಎಂದಿಟ್ಟುಕೊಳ್ಳಿ. ಎಂಟನೇ ಇಯತ್ತೆಯಲ್ಲಿ ಸರಕಾರ ಕೊಟ್ಟ ಸೈಕಲ್ಲಿನ ಮೇಲೆ ಓಡಾಡಿ ಬೆಳೆದವನು. (ಆ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2006–07ರಲ್ಲಿ.) ಈಗ ನೌಕರಿ ಸಿಕ್ಕಿದೆ. ತಿಂಗಳು ತಿಂಗಳು ಉಳಿಸಿ, ಇಪ್ಪತ್ತೈದು ಸಾವಿರ ಕೊಟ್ಟು, ಬಾಗಿದ ಹ್ಯಾಂಡಲಿನ, ಸಪೂರ ಟೈರಿನ ಸೈಕಲ್ ತಂದಿದ್ದಾನೆ. ಆರು ತಿಂಗಳು ಕಳೆಯುವುದರಲ್ಲಿ ಅವನ ಕಣ್ಣು ಹಗುರವಾದ ಗಾಲಿಗಳ ಮೇಲೆ ಬಿದ್ದಿದೆ. ಅದಕ್ಕೆ ಇನ್ನೊಂದು ಹದಿನೈದು ಸಾವಿರ ಬೇಕು. ಮನೆಯಲ್ಲಿ ತಂಗಿಯ ಕಾಲೇಜಿನ ಫೀ ಕಟ್ಟುವ ತಿಂಗಳೂ ಅದೇ. ತಂದೆ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಆದರೆ ಸೈಕಲ್ಲಿನ ಸುದ್ದಿ ಬಂದಾಗೆಲ್ಲ ಎದ್ದು ಹೊರಗೆ ಹೋಗುತ್ತಾರೆ.

ಆ ಹಣ ಯಾವುದಕ್ಕೆ ಖರ್ಚಾಗಬೇಕು? ತೂಕದ ಲೆಕ್ಕ ಮೊದಲು ನೋಡುವುದು ಒಳ್ಳೆಯದು. ಜಾಹೀರಾತುಗಳು ಹೆಚ್ಚಾಗಿ ಮಾರುವುದು ಅದನ್ನೇ. ಸೈಕಲ್ 11 ಕೆ.ಜಿ., ಸವಾರ 65 ಕೆ.ಜಿ., ನೀರು, ಬಟ್ಟೆ, ಬೂಟು ಸೇರಿ ಒಟ್ಟು 78 ಎನ್ನೋಣ. ಹೊಸ ಗಾಲಿಯಿಂದ ಅರ್ಧ ಕೆ.ಜಿ. ಇಳಿದರೆ ನೂರಕ್ಕೆ ಒಂದರಷ್ಟೂ ಇಳಿದಂತಾಗಲಿಲ್ಲ. ಹತ್ತು ನಿಮಿಷ ಹಿಡಿಯುವ ಏರಿನಲ್ಲಿ ಇದರಿಂದ ಉಳಿಯುವುದು ಸುಮಾರು ನಾಲ್ಕು ಸೆಕೆಂಡು. ಇದಾದರೋ ಘಾಟಿನ ರಸ್ತೆಯಲ್ಲ, ಏರಿಳಿತದ ಬಯಲು. ಹುಮನಾಬಾದ್ ಮುಟ್ಟಿ, ಪಕ್ಕದ ಮಾಣಿಕನಗರದಲ್ಲಿ ಪ್ರಸಾದ ಉಂಡು ಹೊರಟವನು ಆ ನಾಲ್ಕು ಸೆಕೆಂಡನ್ನು ಪಂಕ್ತಿಯಲ್ಲೇ ಕಳೆದುಕೊಂಡಿರುತ್ತಾನೆ. ತಿರುಗುವ ಭಾಗದ ತೂಕ ಎರಡರಷ್ಟು ಭಾರ ಎಂದು ವಾದಿಸುವವರಿದ್ದಾರೆ. ನಿಂತ ಸೈಕಲ್ಲಿಗೆ ವೇಗ ಕೊಡುವಾಗ ಅದು ನಿಜ. ಒಂದೇ ಓಟದಲ್ಲಿ ಸಾಗುವಾಗ ಅಲ್ಲ.

ಸಪಾಟು ರಸ್ತೆಯಲ್ಲಿ ಸವಾರನ ನಿಜವಾದ ಎದುರಾಳಿ ಗಾಳಿ. ಗಾಳಿಗೆ ಅಡ್ಡ ನಿಲ್ಲುವುದು ಬಹುಮಟ್ಟಿಗೆ ಸವಾರನ ಮೈ, ಸೈಕಲ್ಲಲ್ಲ. ಇದಕ್ಕೆ ಚರಿತ್ರೆಯಲ್ಲೇ ಒಂದು ಸೊಗಸಾದ ಸಾಕ್ಷಿಯಿದೆ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದ. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ವಿಶೇಷ ಸೈಕಲ್ಲಿನ ಮೇಲೆ ಎರಡೂ ಕೈ ಮುಂದಕ್ಕೆ ಚಾಚಿ, ಹಾರುವವನಂತೆ ಮಲಗಿ 56.375 ಕಿಲೋಮೀಟರ್ ಕ್ರಮಿಸಿದ. ಆ ಭಂಗಿಯನ್ನೂ ಆ ಬಗೆಯ ಸೈಕಲ್ಲನ್ನೂ ನಿಯಮ ತಳ್ಳಿಹಾಕಿದ ಮೇಲೆ 2000ದಲ್ಲಿ ಅದೇ ಬೋರ್ಡ್‌ಮನ್ ಮರ್ಕ್ಸ್‌ನ ಮಾದರಿಯ ಸಾಧಾರಣ ಸೈಕಲ್ ಹತ್ತಿದ. ಈ ಸಲ ಆದದ್ದು 49.441. ಮರ್ಕ್ಸ್‌ಗಿಂತ ಕೇವಲ ಹತ್ತು ಮೀಟರ್ ಹೆಚ್ಚು!

ಬಸವಕಲ್ಯಾಣದ ಹುಡುಗ ಹಾಗೆ ಮಲಗಬೇಕಾಗಿಲ್ಲ. ಮೊಣಕೈ ಸ್ವಲ್ಪ ಮಡಚಿ, ಹ್ಯಾಂಡಲಿನ ಕೆಳಬಾಗು ಹಿಡಿದು ಅರ್ಧ ಗಂಟೆ ಕೂರುವಂತಾದರೆ ಸಾಕು. ಅದಕ್ಕೆ ಸೀಟು ಸರಿಯಾದ ಎತ್ತರದಲ್ಲಿರಬೇಕು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆಸಂದಿನಿಂದ ನೆಲದವರೆಗೆ ಅಳೆದು, 0.883ರಿಂದ ಗುಣಿಸುವುದು ಹಳೆಯ ಪದ್ಧತಿ. 80 ಸೆಂಟಿಮೀಟರ್ ಬಂದರೆ ಪೆಡಲಿನ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.6. ಅಲ್ಲಿಂದ ಅರ್ಧ ಸೆಂಟಿಮೀಟರ್ ಆಚೀಚೆ ಮಾಡಿ ಮೊಣಕಾಲನ್ನು ಕೇಳಬೇಕು. ಇದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಕೀಲಿ. ಹಣವಲ್ಲ.

ಹಣ ಹಾಕಲೇಬೇಕೆಂದರೆ ಮೊದಲ ಪಾಳಿ ಟೈರಿನದು. ಅಗ್ಗದ ಸೈಕಲ್ಲಿಗೆ ಬರುವ ಟೈರು ಹೆಚ್ಚಾಗಿ ದಪ್ಪ ರಬ್ಬರಿನ, ಬಿರುಸು ನೂಲಿನದು. ಒಳ್ಳೆಯ ಮೆತ್ತನೆಯ ಟೈರು ಹಾಕಿದರೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಜೋಡಿಗೆ ಹತ್ತು ವ್ಯಾಟಿನಷ್ಟು ಶ್ರಮ ಉಳಿಯಬಹುದು. ಸಾಧಾರಣ ಸವಾರ ಒತ್ತಟ್ಟಿಗೆ ಹಾಕುವುದೇ ನೂರು, ನೂರೈವತ್ತು ವ್ಯಾಟು. ಅಗಲವೂ ಮುಖ್ಯ. 25 ಮಿಲಿಮೀಟರಿನ ಬದಲು 28 ಹಿಡಿಸುವಂತಿದ್ದರೆ ಅದನ್ನೇ ಹಾಕಿಸಿ, ಗಾಳಿ ಸ್ವಲ್ಪ ಕಡಿಮೆ ತುಂಬಿಸಬೇಕು. ಕಲ್ಲಿನಂತೆ ಬಿಗಿದ ಟೈರು ಒರಟು ರಸ್ತೆಯಲ್ಲಿ ಪುಟಿಯುತ್ತದೆ, ಓಡುವುದಿಲ್ಲ. ಹೆದ್ದಾರಿಯ ಅಂಚಿಗೆ ಬಂದು ಬೀಳುವ ಜಾಲಿ ಮುಳ್ಳಿಗೆ ಒಳಪದರದ ಕವಚವಿರುವ ಟೈರೇ ಉತ್ತರ. ಅದು ತುಸು ಭಾರ, ತುಸು ನಿಧಾನ. ಆದರೂ ರಾಜೇಶ್ವರದ ಹತ್ತಿರ ಬಿಸಿಲಲ್ಲಿ ಕೂತು ಪಂಕ್ಚರ್ ಹಚ್ಚುವುದಕ್ಕಿಂತ ವೇಗ.

ಇಲ್ಲೊಂದು ಮೋಸದ ಗುಂಡಿಯಿದೆ. ಊರಿನ ಹಳೆಯ ಕರಿ ಸೈಕಲ್ಲಿನ ಟೈರಿಗೂ '28 ಇಂಚು' ಎನ್ನುತ್ತಾರೆ, ಈ ರೇಸಿನ ಸೈಕಲ್ಲಿನ 700ಸಿ ಟೈರಿಗೂ ಹಲವೆಡೆ ಅದೇ ಹೆಸರು. ಎರಡೂ ಒಂದೇ ಅಲ್ಲ. ಕರಿ ಸೈಕಲ್ಲಿನ 28×1½ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್, 700ಸಿಯದು 622. ಹೆಸರು ನಂಬಿ ತಂದದ್ದು ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 28-622 ಎಂದೋ 25-622 ಎಂದೋ ಬರೆದಿರುತ್ತದೆ, ನೋಡಬೇಕಾದದ್ದು ಅದನ್ನು. ಇನ್ನು ಸಪೂರ ಟ್ಯೂಬಿನ ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಪಂಕ್ಚರ್ ಅಂಗಡಿಯ ಪಂಪಿನ ಬಾಯಿ ಹೊಂದುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಸಣ್ಣ ಟೋಪಿ ಸಿಗುತ್ತದೆ, ಅಗ್ಗದ್ದು. ಅದು ಜೇಬಿನಲ್ಲಿಲ್ಲದಿದ್ದರೆ ಹದಿನೈದು ಸಾವಿರದ ಗಾಲಿಯೂ ಭುಜದ ಮೇಲೇ ಊರು ಸೇರಬೇಕು.

ಎರಡನೆಯದು ಬ್ರೇಕು. ವಾಸ್ತವವಾಗಿ ಇದೇ ಮೊದಲನೆಯದಾಗಬೇಕಿತ್ತು. ಹೆದ್ದಾರಿಯಲ್ಲಿ ಎದುರಾಗುವುದು ಲಾರಿ ಮಾತ್ರವಲ್ಲ. ಕಬ್ಬಿನ ಟ್ರ್ಯಾಕ್ಟರು ತಪ್ಪು ದಿಕ್ಕಿನಿಂದ ಬರುತ್ತದೆ, ಎಮ್ಮೆ ಯಾವ ದಿಕ್ಕಿನಿಂದಲಾದರೂ ಬರುತ್ತದೆ. ಕಡಿಮೆ ಬೆಲೆಯ ಸೈಕಲ್ಲಿನ ಬ್ರೇಕಿನ ಚೌಕಟ್ಟು ಸಾಮಾನ್ಯವಾಗಿ ಸಾಕಷ್ಟು ಗಟ್ಟಿ. ಕೈಕೊಡುವುದು ಅದರ ರಬ್ಬರು ಮತ್ತು ತಂತಿ. ಕೆಲವು ನೂರು ರೂಪಾಯಿಯ ಮೆತ್ತನೆಯ ರಬ್ಬರು, ಹೊಸ ತಂತಿ, ಹೊಸ ಹೊರಕೊಳವೆ ಹಾಕಿಸಿದರೆ ಬೆರಳಿನ ಒತ್ತಡದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಮಳೆಗಾಲದಲ್ಲಿ ಕಾಲುದಾರಿಗೆ ಇಳಿದರೆ ಎರೆಮಣ್ಣು ಬ್ರೇಕಿನ ಸಂದಿಯಲ್ಲಿ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಇಳಿದು ಕಡ್ಡಿಯಿಂದ ಕೆರೆಯುವುದೊಂದೇ ದಾರಿ. ಯಾವ ದುಬಾರಿ ಸಾಮಾನೂ ಅದಕ್ಕೆ ಪರಿಹಾರವಲ್ಲ.

ಚೈನಿನ ಬಗ್ಗೆ ಒಂದೇ ಮಾತು: ಸವೆದಿದೆಯೋ ಇಲ್ಲವೋ ಎಂದು ಶಾಲೆಯ ಮಕ್ಕಳ ರೂಲುಪಟ್ಟಿ ಹೇಳುತ್ತದೆ. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ ಮುಂದಿನ 24ನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ದಾಟಿತೆಂದರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ದಾಟುವವರೆಗೆ ಬಿಟ್ಟರೆ ಹಲ್ಲುಚಕ್ರಗಳೂ ಅದರ ಜೊತೆಗೇ ಹೋಗುತ್ತವೆ. ಏಳು ಗೇರನ್ನು ಹತ್ತು ಮಾಡಿಸುವ ಆಸೆ ಮಾತ್ರ ಬಿಡುವುದು ಲೇಸು. ಗೇರಿನ ಹಿಡಿ, ಡಿರೇಲರ್, ಹಲ್ಲುಚಕ್ರ, ಚೈನು ಎಲ್ಲವೂ ಒಟ್ಟಿಗೇ ಬದಲಾಗಬೇಕು. ಕೆಲವದರಲ್ಲಿ ಹಿಂದಿನ ಗಾಲಿಯ ನಡುಗುಂಬವೂ. ಅಷ್ಟು ಹಣಕ್ಕೆ ಹಳೆಯದನ್ನು ಮಾರಿ ಮೇಲಿನ ದರ್ಜೆಯ ಸೈಕಲ್ ಕೊಂಡವನೇ ಜಾಣ.

ಹುಮನಾಬಾದಿನಲ್ಲಿ ಕೂಡುವ ಇನ್ನೊಂದು ಹೆದ್ದಾರಿ, 50ನೆಯದು, ಕಲಬುರಗಿ ಹಾಯ್ದು ವಿಜಯಪುರಕ್ಕೆ ಹೋಗುತ್ತದೆ. ವಿಜಯಪುರ, ಬಾಗಲಕೋಟೆ ಸೀಮೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ದಶಕಗಳಿಂದ ಪದಕ ತರುತ್ತಿದ್ದಾರೆ. ಬೇಸಾಯದ ಮನೆಗಳಿಂದ ಬಂದವರೇ ಅವರಲ್ಲಿ ಬಹಳ. ಅವರ ಓಟಕ್ಕೆ ಮೊದಲು ಬಂದದ್ದು ದಿನನಿತ್ಯದ ಸಾಧನೆ, ಸಾಮಾನು ಆಮೇಲೆ.

ಹಿಂದುಗಡೆ ಒಂದು ಕೆಂಪು ದೀಪ, ತಲೆಗೆ ಹೆಲ್ಮೆಟ್ಟು ಇವನ್ನು ಯಾರೂ ಸುಧಾರಣೆ ಎಂದು ಎಣಿಸುವುದಿಲ್ಲ. ನಸುಕಿನಲ್ಲಿ ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿಗೆ ತಿರುಗುವವನಿಗೆ ಅವೆರಡೂ ಇರಲೇಬೇಕು. ಟೈರು, ಬ್ರೇಕಿನ ರಬ್ಬರು, ತಂತಿ, ಚೈನು, ದೀಪ ಎಲ್ಲ ಸೇರಿದರೂ ಗಾಲಿಗೆಂದು ತೆಗೆದಿಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮುಟ್ಟಬೇಕಾಗಿಲ್ಲ. ಉಳಿದದ್ದು ತಂಗಿಯ ಫೀಗೆ ಸೇರಿದರೆ ತಂದೆ ಎದ್ದು ಹೊರಗೆ ಹೋಗುವುದು ತಪ್ಪೀತು.

ಮಳೆಗಾಲದ ತಿಂಗಳುಗಳಲ್ಲಿ ಈ ರಸ್ತೆಯ ಮೇಲೆ ಗಾಳಿ ಪಡುವಣದಿಂದ ಬೀಸುತ್ತದೆ. ಹುಮನಾಬಾದ್ ಇರುವುದು ಮೂಡಣಕ್ಕೆ. ಹೋಗುವಾಗ ಗಾಳಿ ಬೆನ್ನಿಗಿರುವುದರಿಂದ ಹುಡುಗನಿಗೆ ತನ್ನ ಸೈಕಲ್ ಬಹಳ ಚೆನ್ನಾಗಿದೆ ಅನ್ನಿಸುತ್ತದೆ. ಗಾಲಿ ಬದಲಿಸಬೇಕು ಅನ್ನಿಸುವುದು ತಿರುಗಿ ಬರುವಾಗ.