ಸಂಧಿಯಲ್ಲಿ ಹೊಕ್ಕ ಶತ್ರು

ಕಳೆದ ತಿಂಗಳು ನೆರೆಮನೆಯ ಗೃಹಿಣಿಯೊಬ್ಬರು ಬಂದು, “ಮೇಷ್ಟ್ರೇ, ಮಗುವಿಗೆ ಒಂಬತ್ತನೆಯ ತಿಂಗಳಲ್ಲಿ ದಡಾರದ ಚುಚ್ಚುಮದ್ದು ಹಾಕಿಸಿದೆವು. ಜ್ವರ ಬಂದು ಎರಡು ರಾತ್ರಿ ಅತ್ತಿತು. ಎರಡನೆಯದೂ ಬೇಕೆ?” ಎಂದು ಕೇಳಿದರು. ಅವರ ಮನೆಯಲ್ಲಿ ನಾಲ್ಕು ತಿಂಗಳ ಕೂಸೂ ಒಂದಿದೆ. ನಾವು ವೈದ್ಯರಲ್ಲ, ವ್ಯಾಕರಣ ಕಲಿಸಿದವರು. ಆದರೆ ಈ ರೋಗದ ಕಥೆಯಲ್ಲಿಯೂ ಸಂಧಿಯ ಪ್ರಕರಣವಿರುವುದರಿಂದ, ಓದಿ ತಿಳಿದುದನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುವೆವು.

ಶ್ವಾಸನಾಳದ ಒಳಮೈಯಲ್ಲಿ ಜೀವಕೋಶಗಳು ಗೋಡೆಯ ಇಟ್ಟಿಗೆಗಳಂತೆ ಒತ್ತಾಗಿ ನಿಂತಿವೆ. ಅವುಗಳನ್ನು ಬಂಧಿಸುವ ಗಾರೆಯೇ ಸಂಧಿಗಳಲ್ಲಿರುವ ಪ್ರೋಟೀನುಗಳು. ಅವುಗಳಲ್ಲೊಂದು ನೆಕ್ಟಿನ್-4, ಕಟ್ಟು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಹೆಸರಿದು.

ಇದು ಕೋಶದ ಮೇಲ್ಮುಖದಲ್ಲಿರದೆ ಪಕ್ಕದ ಸಂಧಿಗಳಲ್ಲಿ ಅಡಗಿರುವುದು. ಆದುದರಿಂದ ಉಸಿರಿನೊಡನೆ ಬಂದ ದಡಾರದ ವೈರಾಣು ಗೋಡೆಯನ್ನು ಎದುರಿನಿಂದ ಭೇದಿಸದೆ, ದೇಹವನ್ನು ಕಾಯುವ ರಕ್ಷಕಕೋಶಗಳನ್ನೇ ಮೊದಲು ವಶಮಾಡಿಕೊಳ್ಳುವುದು; ಅವುಗಳೊಡನೆ ದುಗ್ಧಗ್ರಂಥಿಗಳನ್ನು ಸೇರಿ ವೃದ್ಧಿಹೊಂದಿ, ಕೆಲವು ದಿನಗಳ ತರುವಾಯ ಶ್ವಾಸನಾಳಕ್ಕೆ ಹಿಂಬದಿಯಿಂದ ಬರುವುದು. ಅಲ್ಲಿ ನೆಕ್ಟಿನ್-4 ಕೈಗೆ ಸಿಕ್ಕೊಡನೆ, ಅದನ್ನೇ ಹಿಡಿದು ಕೋಶವನ್ನು ಹೊಕ್ಕು, ಪಕ್ಕದಿಂದ ಪಕ್ಕಕ್ಕೆ ಸಾಗಿ, ಕಡೆಗೆ ಮೇಲ್ಮುಖದಿಂದ ಹೊರಬಿದ್ದು ಕೆಮ್ಮಿನೊಡನೆ ಗಾಳಿಗೆ ಸೇರುವುದು. ಮನೆಯನ್ನು ಬಿಗಿದಿಟ್ಟ ಕಟ್ಟೇ ಕಳ್ಳನಿಗೆ ಹಿಡಿಯಾಯಿತು! ಈ ಗುಟ್ಟನ್ನು 2011ರಲ್ಲಿ ಎರಡು ಸಂಶೋಧಕ ತಂಡಗಳು ಬಯಲಿಗೆ ತಂದವು.

ಹೀಗೆ ಹೊರಬಂದ ವೈರಾಣು, ರೋಗಿಯು ಎದ್ದುಹೋದ ಮೇಲೂ 2 ಗಂಟೆಗಳವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲುದು. ರಕ್ಷಣೆಯಿಲ್ಲದ ಜನರಲ್ಲಿ ಒಬ್ಬನಿಂದ 12ರಿಂದ 18 ಮಂದಿಗೆ ಅಂಟಬಲ್ಲುದು. ಅದೂ ಮೈಮೇಲೆ ಕೆಂಪು ದದ್ದುಗಳೇಳುವ 4 ದಿನ ಮೊದಲಿನಿಂದಲೇ! ದದ್ದು ಕಂಡ ಮೇಲೆ ಮಗುವನ್ನು ಬೇರೆಯಿಟ್ಟರೆ ಸಾಲದೆಂಬುದು ಇದರಿಂದ ವಿಶದವಾಗುವುದು. ಮದ್ದೊಂದೇ ಮುಂಚಿತವಾದ ಕಾವಲು. ಆದರೆ ಒಂಬತ್ತನೆಯ ತಿಂಗಳಿನ ಮದ್ದು 100 ಮಕ್ಕಳಲ್ಲಿ ಸುಮಾರು 15 ಮಂದಿಗೆ ಹತ್ತುವುದಿಲ್ಲ. ಅದಕ್ಕಾಗಿಯೇ 16ರಿಂದ 24 ತಿಂಗಳೊಳಗೆ ಎರಡನೆಯದನ್ನು ವಿಧಿಸಿರುವರು.

ನಾವು ಆಕೆಗೆ ಹೇಳಿದುದಿಷ್ಟೆ: “ತಾಯೀ, ಮದ್ದಿನ ಜ್ವರ ಸಾಮಾನ್ಯವಾಗಿ ಎರಡು ದಿನದ್ದು. ತೊಟ್ಟಿಲಲ್ಲಿರುವ ಕೂಸಿಗೆ ಮದ್ದಿನ ವಯಸ್ಸು ಇನ್ನೂ ಬಂದಿಲ್ಲ. ಅದಕ್ಕೆ ಅಣ್ಣನೇ ಕಾವಲು. ಆ ಕಾವಲು ಗಟ್ಟಿಯಾಗಲಿ. ಉಳಿದ ಸಂಶಯವನ್ನು ವೈದ್ಯರಲ್ಲಿ ಕೇಳಿರಿ.”

ಮೊನ್ನೆ ಹಾಕಿಸಿಕೊಂಡು ಬಂದರು. ಮಗುವು ನಮ್ಮನ್ನು ನೋಡಿ ಮುಖ ತಿರುಗಿಸಿತು. ಆ ಮುನಿಸನ್ನು ನಾವು ಸಂತೋಷದಿಂದಲೇ ಸ್ವೀಕರಿಸಿದೆವು.