ಮುಗಿದ ಕೇಸನ್ನು ಕೆಲಸ ಕೊಡುವವರು ಕೇಳಬಹುದೆ?

ಮೈಸೂರು ಜಿಲ್ಲೆಯ ತಗಡೂರಿನ ಸುತ್ತಮುತ್ತಲ ಹುಡುಗರಿಗೆ ಗದ್ದೆ ಬಿಟ್ಟರೆ ತಿಂಗಳ ಸಂಬಳದ ಕೆಲಸ ಎಂದರೆ ನಂಜನಗೂಡು, ತಾಂಡವಪುರ, ಕಡಕೊಳದ ಕಾರ್ಖಾನೆಗಳು. ಅರ್ಜಿಯ ಕೊನೆಯಲ್ಲಿ ಒಂದು ಸಾಲು ಎದುರಾಗುತ್ತದೆ: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ? ಖುಲಾಸೆಯಾದ ಅಥವಾ ಶಿಕ್ಷೆ ಅನುಭವಿಸಿ ಮುಗಿದ ಪ್ರಕರಣದ ಬಗ್ಗೆ ಹೀಗೆ ಕೇಳುವುದನ್ನೇ ಕಾನೂನು ತಡೆಯಬೇಕೆ?

ಪರ

ಆ ಸಾಲಿನ ಮೇಲೆ ಪೆನ್ನು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಹುಡುಗ ಹೆಸರು, ಆಧಾರ್ ಸಂಖ್ಯೆ, ಐಟಿಐ ಅಂಕ ಎಲ್ಲವನ್ನೂ ದುಂಡಗೆ ಬರೆದ. ಅಲ್ಲಿಗೆ ಬಂದಾಗ ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡ. ನಾಲೆ ನೀರಿನ ಜಗಳದಲ್ಲಿ ಅಣ್ಣನ ಜೊತೆ ಅವನ ಹೆಸರೂ ಸೇರಿತ್ತು. ‘324 ಕೇಸು’ (ಹಳೆಯ ಐಪಿಸಿಯಲ್ಲಿ ಅಪಾಯಕಾರಿ ಆಯುಧದಿಂದ ಗಾಯಗೊಳಿಸಿದ ಆರೋಪ) ಎಂದರೆ ನಮ್ಮ ಕಡೆ ವಿವರಿಸಬೇಕಾಗಿಲ್ಲ. ದೊಣ್ಣೆ ಎತ್ತಿದವನೂ ಬಿಡಿಸಲು ಹೋದವನೂ ಒಂದೇ ಎಫ್‌ಐಆರ್‌ನಲ್ಲಿ ಇರುತ್ತಾರೆ. ಸಾಕ್ಷಿಗಳು ನಿಲ್ಲದೆ ಆ ಕೇಸು ಎಂದೋ ಬಿದ್ದುಹೋಗಿತ್ತು. ಊರಿಗೆ ಕತೆ ಪೂರ್ತಿ ಗೊತ್ತು, ಕಾಗದಕ್ಕೆ ಸೆಕ್ಷನ್ನು ಮಾತ್ರ ಗೊತ್ತು.

ಇದು ಅವನೊಬ್ಬನ ಕತೆಯಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಕೊಡಗಿನ ಕೂಲಿಕಾರನೊಬ್ಬ ಹೆಂಡತಿಯನ್ನು ಕೊಂದನೆಂಬ ಆರೋಪದಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕೊಳೆತ. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ‘ದಾಖಲಾಗಿತ್ತೇ’ ಎಂಬ ಪ್ರಶ್ನೆಗೆ ಅವನೂ ‘ಹೌದು’ ಎಂದೇ ಬರೆಯಬೇಕು. ಅದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಇಂಗ್ಲೆಂಡಿನಲ್ಲಿ 1974ರಿಂದಲೇ ಒಂದು ಕಾನೂನಿದೆ: ಬಹುಪಾಲು ಅಪರಾಧಗಳಲ್ಲಿ ಇಂತಿಷ್ಟು ವರ್ಷ ಕಳೆದ ಮೇಲೆ ಹಳೆಯ ಶಿಕ್ಷೆಯನ್ನು ಸವೆದುಹೋಯಿತೆಂದೇ ಲೆಕ್ಕ. ನಮ್ಮಲ್ಲೂ 1958ರ ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್ ಇದೆ. ಪ್ರೊಬೇಷನ್ ಮೇಲೆ ಬಿಡುಗಡೆಯಾದವನಿಗೆ ಆ ಶಿಕ್ಷೆಯಿಂದ ಅನರ್ಹತೆ ಅಂಟಬಾರದು ಎನ್ನುತ್ತದೆ. ಕಾರ್ಖಾನೆಗೆ ಆಳು ಒದಗಿಸುವ ಗುತ್ತಿಗೆದಾರನ ಮೇಜಿನವರೆಗೆ ಆ ಮಾತು ತಲುಪುವುದಿಲ್ಲ, ಅಷ್ಟೆ.

ತಗಡೂರಿಗೆ ಜೈಲು ಹೊಸದೂ ಅಲ್ಲ. ಇಲ್ಲಿ ಖಾದಿ ಕೆಲಸ ಕಟ್ಟಿದ ತಗಡೂರು ರಾಮಚಂದ್ರರಾಯರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಸೇರಿದವರು. 1972ರಲ್ಲಿ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ಕೊಡಲು ಹೊರಟಾಗ, ಆರು ತಿಂಗಳ ಜೈಲುವಾಸದ ದಾಖಲೆಯೇ ಅದಕ್ಕೆ ಅರ್ಹತೆಯಾಯಿತು. ಜೈಲಿನ ಕಾಗದ ತಾನಾಗಿ ಮನುಷ್ಯನ ನಡತೆ ಹೇಳುವುದಿಲ್ಲ ಎನ್ನಲು ಇಷ್ಟು ಸಾಲದೆ?

ವಿರೋಧ

ಸಾಲದು. ರಾಯರು ಮಾಡಿದ್ದನ್ನು ಬಚ್ಚಿಡಲಿಲ್ಲ, ಎದೆ ಕೊಟ್ಟು ಹೇಳಿಕೊಂಡರು. ಅವರ ಹೆಸರಿನಲ್ಲಿ ಬಚ್ಚಿಡುವ ಹಕ್ಕು ಕೇಳಬೇಡಿ.

ರಾತ್ರಿ ಪಾಳಿ ಮುಗಿಸಿ ಕಂಪನಿ ವ್ಯಾನಿನಲ್ಲಿ ಒಬ್ಬಳೇ ಹಿಂದಿರುಗುವ ಹೆಣ್ಣುಮಗಳನ್ನು ನೆನೆಯಿರಿ. ಚಾಲಕನ ಹಿಂದಿನದನ್ನು ಯಾರೂ ಕೇಳಕೂಡದು ಎಂದು ಅವಳ ತಾಯಿಗೆ ಹೇಳುವ ಧೈರ್ಯ ನನಗಿಲ್ಲ. 2014ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಪುಟ್ಟ ಮಗುವಿನ ಮೇಲೆ ಅತ್ಯಾಚಾರವಾದಾಗ ತಂದೆತಾಯಿಗಳು ಬೀದಿಗಿಳಿದು ಕೇಳಿದ್ದರಲ್ಲಿ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆಯೂ ಒಂದು. ಆ ಭಯ ಸುಳ್ಳಲ್ಲ.

ನನ್ನ ದೊಡ್ಡ ಆತಂಕ ಮಾತ್ರ ಬೇರೆ. ಪ್ರಶ್ನೆ ನಿಂತರೆ ಸಂಶಯ ನಿಲ್ಲುವುದಿಲ್ಲ. ಅಮೆರಿಕದ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಅರ್ಜಿಯಿಂದ ಇಂಥದೇ ಸಾಲನ್ನು ತೆಗೆಸುವ ಮೊದಲೂ ತೆಗೆಸಿದ ಮೇಲೂ ಇಬ್ಬರು ಸಂಶೋಧಕಿಯರು ಕಲ್ಪಿತ ಹೆಸರುಗಳಲ್ಲಿ ಅರ್ಜಿ ಹಾಕಿ ನೋಡಿದರು. ಕರಿಯರಿಗೂ ಬಿಳಿಯರಿಗೂ ಬರುವ ಕರೆಗಳ ಅಂತರ ಇನ್ನೂ ಹಿಗ್ಗಿತ್ತು. ಕೇಳಲಾಗದವರು ಹೆಸರು ನೋಡಿ ಊಹಿಸಿದರು. ಇಲ್ಲಿ ಏನು ನೋಡಿ ಊಹಿಸುತ್ತಾರೆಂದು ನಂಜನಗೂಡು ಸೀಮೆಯವರಿಗೆ ಹೇಳಬೇಕೆ? ಕೇರಿ, ಜಾತಿ, ಅಪ್ಪನ ಹೆಸರು. ಜೈಲಿನ ಮೆಟ್ಟಿಲನ್ನೇ ತುಳಿಯದ ಹುಡುಗನೂ ಆಗ ಹೊರಗೆ ಉಳಿಯುತ್ತಾನೆ. ಅವನ ಕೈಯಲ್ಲಿ ‘ಇಲ್ಲ’ ಎಂದು ಬರೆಯಲು ಒಂದು ಸಾಲಾದರೂ ಇರಲಿ.

ಪೆನ್ನು ಜೇಬಿಗಿಟ್ಟ ಆ ಹುಡುಗನ ಬಗ್ಗೆ ನನಗೂ ಸಂಕಟವಿದೆ. ಸುಳ್ಳು ಬರೆಯಲಾರದೆ ಎದ್ದುಹೋದವನು ಅವನು. ಅಂಥವನನ್ನೇ ಕಾರ್ಖಾನೆ ಕರೆದು ಕೂರಿಸಬೇಕಿತ್ತು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ಹೇಳಿದೆ. ಕೇಸು ಮುಚ್ಚಿಟ್ಟವನನ್ನು ತೆಗೆದುಹಾಕಬಹುದು. ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಚಿಕ್ಕ ಪ್ರಕರಣವಾದರೆ ಅದನ್ನು ಮನ್ನಿಸುವ ವಿವೇಚನೆಯೂ ನೇಮಕ ಮಾಡುವವರಿಗಿದೆ. ಅದು ಸರ್ಕಾರಿ ಹುದ್ದೆಗಳ ಮಾತು. ಖಾಸಗಿ ಕಾರ್ಖಾನೆಗೂ ಗುತ್ತಿಗೆದಾರನಿಗೂ ಆ ವಿವೇಚನೆಯನ್ನು ಕಡ್ಡಾಯ ಮಾಡಿ ಎಂದರೆ ನಾನೂ ಸಹಿ ಹಾಕುತ್ತೇನೆ. ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳ ಕೆಳಗೆ ನಾಲ್ಕು ಗೆರೆ ಜಾಗ ಬಿಡಲಿ. ಏನಾಯಿತು, ಕೋರ್ಟು ಏನೆಂದಿತು ಎಂದು ಅವನೇ ಬರೆಯಲಿ. ಬೇಡ ಎನ್ನುವವರು ಅದನ್ನು ಓದಿ, ಕಾರಣ ಬರೆದು, ಕೆಳಗೆ ತಮ್ಮ ಹೆಸರು ಹಾಕಲಿ.